ಬಿದ್ದ ವರ್ಷ ಎಷ್ಟು ಕೊಡ್ತದ?

ಸಾವಿರ ಕಾಳು ಎಣಿಸಿ ತೂಗುವುದು ನಮ್ಮ ಕೆಲಸದಲ್ಲಿ ಮಾಮೂಲಿ. ಎಣಿಸಲು ಒಂದು ಮಷೀನಿದೆ. ಬಟ್ಟಲು ನಡುಗುತ್ತಿರುತ್ತದೆ, ಕಾಳು ಅಂಚಿಗೆ ಹತ್ತಿ ಸಾಲಾಗಿ ಒಂದೊಂದೇ ಕೆಳಗೆ ಬೀಳುತ್ತದೆ, ಸಾವಿರ ಆದ ಕೂಡಲೇ ಮಷೀನು ನಿಲ್ಲುತ್ತದೆ. ಚೆನ್ನಾಗಿ ತುಂಬಿದ ಗೋಧಿಯಾದರೆ ಸಾವಿರ ಕಾಳಿಗೆ 40 ಗ್ರಾಂ ಆಸುಪಾಸು ತೂಗುತ್ತದೆ. 2022ರ ಏಪ್ರಿಲಿನಲ್ಲಿ ಮಾತ್ರ ತಕ್ಕಡಿ ನೋಡುವ ಅಗತ್ಯವೇ ಇರಲಿಲ್ಲ. ಕವರು ಕೈಗೆತ್ತಿಕೊಂಡರೆ ಹಗುರ ಅಂತ ಗೊತ್ತಾಗುತ್ತಿತ್ತು. ಕಾಳಿನ ಹೊಟ್ಟೆ ಒಳಗೆ ಹೋಗಿತ್ತು, ನಡುವಿನ ಸೀಳು ಆಳವಾಗಿ ಕಾಣುತ್ತಿತ್ತು, ಸಿಪ್ಪೆ ಸುಕ್ಕುಗಟ್ಟಿತ್ತು.

ಆ ವರ್ಷದ ಮಾರ್ಚ್ ನಿಮಗೆ ನೆನಪಿರಬಹುದು. 1901ರಿಂದ ಹವಾಮಾನ ಇಲಾಖೆ ಇಟ್ಟಿರುವ ಲೆಕ್ಕದಲ್ಲೇ ಭಾರತದ ಅತಿ ಬಿಸಿ ಮಾರ್ಚ್ ಅದು. ಗೋಧಿ ಹಾಲುಗಾಳಿನಿಂದ ಗಟ್ಟಿಯಾಗುವ ಹೊತ್ತಿಗೆ ಸರಿಯಾಗಿ ಬಿಸಿಲು ಏರಿತು. 111 ಮಿಲಿಯನ್ ಟನ್ ಬೆಳೆ ಬರುತ್ತದೆ ಅಂದುಕೊಂಡಿದ್ದ ಸರ್ಕಾರ ಅಂದಾಜನ್ನು 106ಕ್ಕೆ ಇಳಿಸಿತು. ಮೇ 13ಕ್ಕೆ ರಫ್ತು ನಿಲ್ಲಿಸಿತು. ಪಂಜಾಬ್, ಹರಿಯಾಣದಲ್ಲಿ ಖರೀದಿ ಮಾಡುವಾಗ ಸುಕ್ಕುಗಾಳು ಶೇ. 6ರವರೆಗೆ ಮಾತ್ರ ಇರಬಹುದು ಅನ್ನುವ ನಿಯಮವನ್ನು ಶೇ. 18ಕ್ಕೆ ಸಡಿಲ ಮಾಡಬೇಕಾಯಿತು. ಇಲ್ಲದಿದ್ದರೆ ಮಂಡಿಯಲ್ಲಿ ಯಾರ ಗೋಧಿಯೂ ಪಾಸಾಗುತ್ತಿರಲಿಲ್ಲ.

ನಾನು ಇರುವುದು ಲುಧಿಯಾನದ ಕಡೆ. ಗೋಧಿ ತಳಿ ಅಭಿವೃದ್ಧಿಯಲ್ಲಿ ಲೆಕ್ಕದ ಕೆಲಸ ನನ್ನದು. ಊರು ಅಣ್ಣಿಗೇರಿ ಹತ್ತಿರ, ಓದಿದ್ದು ಧಾರವಾಡದಲ್ಲಿ. ಆ ಏಪ್ರಿಲಿನಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಸುಕ್ಕಿದ ಕಾಳಲ್ಲ. ಅದೇ ಹೊಲದಲ್ಲಿ, ಅದೇ ದಿನ ಬಿತ್ತಿ, ಅದೇ ನೀರು ಕುಡಿದ ಕೆಲವು ಲೈನುಗಳ (ತಳಿಯಾಗುವ ಮುಂಚೆ ಪರೀಕ್ಷೆಯಲ್ಲಿರುವ ಗೋಧಿಗಳ) ಕಾಳು ಏನೂ ಆಗಿಲ್ಲವೇನೋ ಅನ್ನುವಂತೆ ತುಂಬಿಕೊಂಡಿತ್ತು. ಅವುಗಳಲ್ಲಿ ಕೆಲವು ಬೇಗ ಹೂಬಿಟ್ಟು ಬಿಸಿಲಿನಿಂದ ತಪ್ಪಿಸಿಕೊಂಡಿದ್ದವು. ಅದು ಜಾಣತನ ಅಷ್ಟೇ, ಶಕ್ತಿಯಲ್ಲ. ಆದರೆ ಉಳಿದವರ ಜೊತೆಗೇ ಹೂಬಿಟ್ಟು, ಅದೇ ಬಿಸಿಲನ್ನು ಮೈಮೇಲೆ ತೆಗೆದುಕೊಂಡೂ ತುಂಬಿದವು ಒಂದಷ್ಟಿದ್ದವು. ಹಿಂದಿನ ವರ್ಷಗಳ ಪಟ್ಟಿ ತೆಗೆದು ನೋಡಿದರೆ ಅವ್ಯಾವುವೂ ಮೊದಲ ಸ್ಥಾನದಲ್ಲಿರಲಿಲ್ಲ. ಒಳ್ಳೆ ವರ್ಷದಲ್ಲಿ ಅವು ಸಾಧಾರಣ ಗೋಧಿಗಳು.

ಇದನ್ನು ಫೋನಿನಲ್ಲಿ ಕಾಕಾನಿಗೆ ಹೇಳಿದೆ. ಅವನು ನೀರಾವರಿ ಇಲ್ಲದ ಎರೆ ಹೊಲದಲ್ಲಿ ಹಿಂಗಾರಿಗೆ ಕಡಲೆ, ಬಿಳಿಜೋಳ, ಒಂದು ತುಂಡಿಗೆ ಗೋಧಿ ಹಾಕುವವನು. ಹೊಸ ತಳಿಯ ಬಗ್ಗೆ ನಾನು ಏನೇ ಹೇಳಿದರೂ ಅವನು ಕೇಳುವುದು ಒಂದೇ: "ಛಲೋ ವರ್ಷದ್ದು ಬ್ಯಾಡ. ಬಿದ್ದ ವರ್ಷ ಎಷ್ಟು ಕೊಡ್ತದ, ಅದನ್ನ ಹೇಳು."

ಈ ಪ್ರಶ್ನೆಗೆ ಉತ್ತರ ಹೇಳುವುದು ತುಂಬಾ ಕಷ್ಟ. ಇಳುವರಿ ಒಂದು ವರ್ಷದಲ್ಲಿ ಅಳೆಯಬಹುದು. ಸ್ಥಿರತೆ ಅಳೆಯಲು ಬೇರೆ ಬೇರೆ ಊರು ಬೇಕು, ಬೇರೆ ಬೇರೆ ವರ್ಷ ಬೇಕು, ಅದರಲ್ಲಿ ಒಂದೆರಡು ಕೆಟ್ಟ ವರ್ಷ ಬಂದಿರಬೇಕು. ಆದರೆ ತಳಿ ಮಾಡುವವರಿಗೆ ಸಮಯವೂ ಬೀಜವೂ ಯಾವಾಗಲೂ ಕಡಿಮೆ. ಚಿಮಟದಿಂದ ಒಂದು ತೆನೆಯ ಪರಾಗಕೋಶಗಳನ್ನು ಕಿತ್ತು, ಬೆಣ್ಣೆಕಾಗದದ ಚೀಲ ಹಾಕಿ, ಇನ್ನೊಂದರ ಪರಾಗ ಉದುರಿಸಿ ಕ್ರಾಸ್ ಮಾಡಿದ ಮೇಲೆ, ಲೈನು ಒಂದು ಹದಕ್ಕೆ ಬಂದು ನಿಲ್ಲಲು ಐದಾರು ಪೀಳಿಗೆ ಬೇಕು. ಆಮೇಲೆ ಇಳುವರಿ ಪರೀಕ್ಷೆ. ಆಮೇಲೆ ಅಖಿಲ ಭಾರತ ಪ್ರಯೋಗದಲ್ಲಿ ಹಲವು ಕೇಂದ್ರಗಳಲ್ಲಿ ವರ್ಷಗಟ್ಟಲೆ ಪರೀಕ್ಷೆ. ಒಂದು ಕ್ರಾಸ್ ರೈತನ ಕೈಗೆ ಬರುವಷ್ಟರಲ್ಲಿ ಹತ್ತು ವರ್ಷ ಸುಲಭವಾಗಿ ಹೋಗುತ್ತದೆ.

ಗೋಧಿ ತಳಿವಿಜ್ಞಾನಿ ನಾರ್ಮನ್ ಬೋರ್ಲಾಗ್ ಈ ಸಮಯ ಉಳಿಸಲಿಕ್ಕಾಗಿಯೇ 1940ರ ದಶಕದಲ್ಲಿ ಮೆಕ್ಸಿಕೋದಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯಲು ಶುರುಮಾಡಿದರು. ಚಳಿಗಾಲದಲ್ಲಿ ಸಮುದ್ರಮಟ್ಟದ ಒಬ್ರೆಗಾನ್, ಬೇಸಿಗೆಯಲ್ಲಿ 2,600 ಮೀಟರ್ ಎತ್ತರದ ತೊಲುಕಾ. ಮೇಲಿನವರಿಗೆ ಅದು ಇಷ್ಟವಿರಲಿಲ್ಲ, ಆದರೂ ಮಾಡಿದರು. ಸಮಯವೇನೋ ಉಳಿಯಿತು, ಜೊತೆಗೆ ಕೇಳದೇ ಇದ್ದದ್ದೂ ಒಂದು ಸಿಕ್ಕಿತು. ಹಗಲಿನ ಉದ್ದ, ಮಣ್ಣು, ರೋಗ ಎಲ್ಲ ಬೇರೆಯಿದ್ದ ಎರಡು ಕಡೆ ಬದುಕಿದ ಗೋಧಿ ಮಾತ್ರ ಮುಂದಕ್ಕೆ ಹೋಯಿತಲ್ಲ, ಹಾಗಾಗಿ ಆ ಗೋಧಿ ಎಲ್ಲಿ ಹಾಕಿದರೂ ಬೆಳೆಯುವಂಥದ್ದಾಯಿತು. 1966ರಲ್ಲಿ ಭಾರತ 18,000 ಟನ್ ಬೀಜ ತರಿಸಿಕೊಂಡಿದ್ದು ಅದೇ ಗೋಧಿಯದ್ದು. ಸ್ಥಿರತೆ ಅಲ್ಲಿ ಹೆಚ್ಚುಕಡಿಮೆ ಬೋನಸ್ ಆಗಿ ಬಂತು. ಈಗ ನಾವು ಅದನ್ನು ಬೇಕು ಅಂತಲೇ ಹುಡುಕುತ್ತಿದ್ದೇವೆ.

ಹುಡುಕುವ ಸಾಧನವೇ ಜೀನೋಮಿಕ್ ಸೆಲೆಕ್ಷನ್. ಈ ಯೋಚನೆ ಬಂದದ್ದು ದನಗಳಿಂದ. 2001ರಲ್ಲಿ ಮ್ಯೂವಿಸೆನ್, ಹೇಯ್ಸ್, ಗೊಡ್ಡಾರ್ಡ್ ಅನ್ನುವ ಮೂವರು ಪಶು ತಳಿವಿಜ್ಞಾನಿಗಳು ಒಂದು ಲೇಖನ ಬರೆದರು. ಹೋರಿ ಹಾಲು ಕೊಡುವುದಿಲ್ಲ, ಅಲ್ವಾ? ಹೋರಿ ಒಳ್ಳೆಯದೋ ಅಲ್ಲವೋ ತಿಳಿಯಲು ಅದರ ಹೆಣ್ಣುಕರುಗಳು ಬೆಳೆದು, ಕರು ಹಾಕಿ, ಹಾಲು ಕೊಡುವ ತನಕ ಕಾಯಬೇಕಿತ್ತು. ಕಾಯುವ ಬದಲು ಹುಟ್ಟಿದ ಕೂಡಲೇ ಅದರ ಡಿಎನ್ಎ ನೋಡಿ ಅಂದಾಜು ಮಾಡೋಣ ಅಂದರು ಇವರು. 2009ರ ಹೊತ್ತಿಗೆ ಅಮೆರಿಕದಲ್ಲಿ ಹೋಲ್‌ಸ್ಟೀನ್ ಹೋರಿಗಳ ಅಧಿಕೃತ ಮೌಲ್ಯಮಾಪನವೇ ಹೀಗೆ ನಡೆಯತೊಡಗಿತು. ಗೋಧಿಗೆ ಬರುವುದು ಸ್ವಲ್ಪ ತಡವಾಯಿತು. ಯಾಕೆಂದರೆ ಗೋಧಿಯ ಜೀನೋಮ್, ಅಂದರೆ ಅದರ ಒಟ್ಟು ಡಿಎನ್ಎ, ದೈತ್ಯ: ಸುಮಾರು 1,600 ಕೋಟಿ ಅಕ್ಷರ, ಮನುಷ್ಯನದ್ದಕ್ಕಿಂತ ಐದು ಪಟ್ಟು. ಮೂರು ಹುಲ್ಲುಗಳ ಜೀನೋಮು ಒಂದರೊಳಗೆ ಸೇರಿಕೊಂಡು ಆಗಿರುವ ಬೆಳೆ ಇದು. ಅದರ ಪೂರ್ತಿ ನಕ್ಷೆ ಸಿಕ್ಕಿದ್ದೇ 2018ರಲ್ಲಿ.

ಹಳೆಯ ಮಾರ್ಕರ್ ವಿಧಾನ (ಡಿಎನ್ಎ ಮೇಲಿನ ಗುರುತು ನೋಡಿ ಆರಿಸುವುದು) ಒಂದೊಂದೇ ಜೀನು ಹುಡುಕುತ್ತಿತ್ತು. ಗಿಡ್ಡ ಮಾಡುವ ಜೀನು, ತುಕ್ಕು ರೋಗ ತಡೆಯುವ ಜೀನು ಇಂಥವಕ್ಕೆ ಅದು ಸರಿ. ಆದರೆ ಇಳುವರಿಗೆ ಅಂತ ಒಂದು ಜೀನಿಲ್ಲ. ಇರುವುದು ನೂರಾರು, ಒಂದೊಂದೂ ಚಿಟಿಕೆಯಷ್ಟು ಕೆಲಸ ಮಾಡುತ್ತದೆ. ಬಿಸಿಲು ತಡೆಯುವ ಗುಣವೂ ಹಾಗೇ. ಜೀನೋಮಿಕ್ ಸೆಲೆಕ್ಷನ್ನಿನಲ್ಲಿ ಯಾವ ಜೀನು ಅಂತ ಕೇಳುವುದನ್ನೇ ಬಿಡುತ್ತೇವೆ. ಜೀನೋಮಿನ ಉದ್ದಕ್ಕೂ ಹರಡಿರುವ ಸಾವಿರಾರು ಗುರುತುಗಳನ್ನು ಒಟ್ಟಿಗೆ ತೆಗೆದುಕೊಂಡು, ಪ್ರತಿಯೊಂದಕ್ಕೂ ಒಂದು ಸಣ್ಣ ಅಂಕ ಕೊಡುತ್ತೇವೆ. ಆ ಅಂಕ ಬರುವುದು ಈಗಾಗಲೇ ಹೊಲದಲ್ಲಿ ಬೆಳೆದು, ಕೊಯ್ದು, ತೂಗಿದ ಲೈನುಗಳಿಂದ. ಅದನ್ನು ಟ್ರೇನಿಂಗ್ ಸೆಟ್ ಅನ್ನುತ್ತಾರೆ. ಆಮೇಲೆ ಹೊಸ ಸಸಿಯ ಗುರುತು ಓದಿ, ಅಂಕ ಕೂಡಿಸಿದರೆ ಅದರ ಅಂದಾಜು ಇಳುವರಿ ಬರುತ್ತದೆ. ಸಸಿ ಇನ್ನೂ ತೆನೆ ಹಾಕಿರುವುದಿಲ್ಲ.

ಮಾಡುವಾಗ ಇದರಲ್ಲಿ ದೊಡ್ಡ ವಿಜ್ಞಾನ ಏನೂ ಕಾಣುವುದಿಲ್ಲ. ಟ್ರೇನಲ್ಲಿ ಹತ್ತು ಹನ್ನೆರಡು ದಿನದ ಸಸಿ ಇರುತ್ತವೆ. ಪಕ್ಕದಲ್ಲಿ 96 ಗುಳಿಯ ಪ್ಲೇಟು, ಎಂಟು ಸಾಲು, ಹನ್ನೆರಡು ಕಂಬ. ಎಳೆ ಎಲೆಯ ತುದಿಯಿಂದ ಒಂದು ಚೂರು ಕತ್ತರಿಸಿ ಗುಳಿಗೆ ಹಾಕುತ್ತೀರಿ, ಕತ್ತರಿ ಒರೆಸುತ್ತೀರಿ, ಮುಂದಿನ ಸಸಿಗೆ ಹೋಗುತ್ತೀರಿ. ಒಬ್ಬರು ನಂಬರು ಕೂಗುವುದು, ಇನ್ನೊಬ್ಬರು ಹಾಕುವುದು. ಮಧ್ಯದಲ್ಲಿ ಯಾರಾದರೂ ಚಹಾ ಅಂದರೆ ಎದ್ದು ಹೋಗಬಾರದು, ಸಾಲು ಮುಗಿಸಿಯೇ ಏಳಬೇಕು. ಒಂದು ಗುಳಿ ತಪ್ಪಿದರೆ ಅದರ ಮುಂದಿನ ಸಾಲು ಸಾಲೇ ಇನ್ನೊಬ್ಬರ ಹೆಸರಿನಲ್ಲಿ ಓಡಾಡುತ್ತದೆ, ಕಂಪ್ಯೂಟರಿಗೆ ಅದು ಗೊತ್ತೇ ಆಗುವುದಿಲ್ಲ.

ಅಂದಾಜು ಎಷ್ಟು ಸರಿ ಇರುತ್ತದೆ? ಪೂರ್ತಿ ಸರಿ ಅಂದರೆ 1, ಕಣ್ಣುಮುಚ್ಚಿ ಆರಿಸಿದಂತೆ ಅಂದರೆ 0 ಅಂತ ಇಟ್ಟುಕೊಳ್ಳಿ. ಗೋಧಿ ಇಳುವರಿಗೆ ಸಾಮಾನ್ಯವಾಗಿ 0.3ರಿಂದ 0.6ರೊಳಗೆ ಬರುತ್ತದೆ. ಹಿಟ್ಟಿನ ಗುಣಕ್ಕೆ, ತೆನೆ ಬರುವ ದಿನಕ್ಕೆ ಇದಕ್ಕಿಂತ ಚೆನ್ನಾಗಿ ಬರುತ್ತದೆ. ಅರ್ಧಂಬರ್ಧ ಸರಿಯಾದ ಅಂದಾಜಿನಿಂದ ಏನು ಲಾಭ ಅಂತ ನನ್ನ ಗೆಳೆಯರು ಕೇಳುತ್ತಾರೆ. ಲಾಭ ಏನೆಂದರೆ ಅದು ಐದು ವರ್ಷದ ಬದಲು ಕೆಲವೇ ವಾರದಲ್ಲಿ ಸಿಗುತ್ತದೆ, ಸಾವಿರಾರು ಸಸಿಗೆ ಒಟ್ಟಿಗೆ ಸಿಗುತ್ತದೆ. ಮೆಕ್ಸಿಕೋದ ಅಂತರರಾಷ್ಟ್ರೀಯ ಮೆಕ್ಕೆಜೋಳ, ಗೋಧಿ ಸಂಸ್ಥೆ ಸಿಮಿಟ್‌ನವರ ನೇತೃತ್ವದಲ್ಲಿ 2019ರಲ್ಲಿ ಬಂದ ಅಧ್ಯಯನವೊಂದರಲ್ಲಿ 44,624 ಗೋಧಿ ಲೈನುಗಳ ಗುರುತು ಓದಿದ್ದರು. ಅಷ್ಟನ್ನೂ ಪ್ಲಾಟ್ (ಪರೀಕ್ಷೆಯ ಸಣ್ಣ ಮಡಿ) ಹಾಕಿ ನೋಡಲು ಯಾರಿಂದಲೂ ಆಗುವ ಮಾತಲ್ಲ.

ಆದರೂ ಈ ವೇಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತಾರೆ ಅಂತ ನನ್ನ ಅಭಿಪ್ರಾಯ. ನನಗೆ ಇದರಲ್ಲಿ ಇಷ್ಟವಾದದ್ದು ಬೇರೆ. ಅದು ಪ್ಲಾಟುಗಳನ್ನು ಹಂಚುವ ರೀತಿ.

ಒಂದು ಲೆಕ್ಕ ಹಾಕಿ. 300 ಹೊಸ ಲೈನು ಇವೆ. ಆರು ಊರಲ್ಲಿ ಪರೀಕ್ಷೆ ಮಾಡಬೇಕು. ಎಲ್ಲವನ್ನೂ ಎಲ್ಲ ಕಡೆ ಹಾಕಿದರೆ 1,800 ಪ್ಲಾಟು. ಕೈಯಲ್ಲಿರುವ ದುಡ್ಡು 600ಕ್ಕೆ ಸಾಕು. ಬೀಜವೂ ಅಷ್ಟೇ: ಆರು ಚದರ ಮೀಟರಿನ ಒಂದು ಪ್ಲಾಟಿಗೆ 60 ಗ್ರಾಂ ಬೇಕು, ಹೊಸ ಲೈನಿನ ಕವರಿನಲ್ಲಿ ಒಂದೆರಡು ಪ್ಲಾಟಿಗೆ ಆಗುವಷ್ಟೇ ಕಷ್ಟಕ್ಕೆ ಸಿಗುವುದು. ಹಿಂದೆ ಇದ್ದ ದಾರಿ ಎರಡು. ನೋಡದೇ 200 ಲೈನು ಬಿಸಾಕಿ ಉಳಿದ 100ನ್ನು ಆರೂ ಕಡೆ ಹಾಕುವುದು. ಇಲ್ಲವೇ 300ನ್ನೂ ಹತ್ತಿರದ ಎರಡು ಊರಲ್ಲಿ ಹಾಕಿ, ಉಳಿದ ನಾಲ್ಕು ಊರು ದೇವರ ಮೇಲೆ ಬಿಡುವುದು. ಸಾಮಾನ್ಯವಾಗಿ ಎರಡನೆಯದೇ ಆಗುತ್ತಿತ್ತು. ಆ ಎರಡು ಊರು ಯಾವಾಗಲೂ ನೀರಿರುವ, ರಸ್ತೆಯಿರುವ, ದೊಡ್ಡ ಕೇಂದ್ರ ಇರುವ ಊರುಗಳೇ ಆಗಿರುತ್ತಿದ್ದವು.

ಈಗ ಮೂರನೆಯ ದಾರಿ ಇದೆ. ಪ್ರತಿ ಲೈನೂ ಎರಡೇ ಊರಿಗೆ ಹೋಗುತ್ತದೆ, ಆದರೆ ಬೇರೆ ಬೇರೆ ಲೈನು ಬೇರೆ ಬೇರೆ ಜೋಡಿ ಊರಿಗೆ. ಒಂದು ಲೈನು ಲುಧಿಯಾನ, ಜಬಲ್ಪುರಕ್ಕೆ ಹೋದರೆ ಅದರ ಒಡಹುಟ್ಟಿದ ಇನ್ನೊಂದು ಲೈನು ಬಿಹಾರಕ್ಕೂ ಧಾರವಾಡಕ್ಕೂ ಹೋಗುತ್ತದೆ. ಅವೆರಡರಲ್ಲಿ ಜೀನೋಮಿನ ಎಷ್ಟೋ ತುಂಡುಗಳು ಒಂದೇ ಇರುತ್ತವೆ. ಆ ತುಂಡು ಧಾರವಾಡದಲ್ಲಿ ಏನು ಮಾಡಿತು ಅಂತ ತಮ್ಮನಿಂದ ತಿಳಿದರೆ, ಧಾರವಾಡ ನೋಡದ ಅಣ್ಣನ ಬಗ್ಗೆಯೂ ಒಂದು ಅಂದಾಜು ಬರುತ್ತದೆ. 600 ಪ್ಲಾಟಿನಲ್ಲೇ ಆರೂ ಊರು ಬಂದವು, 300 ಲೈನೂ ಬಂದವು. ಪ್ರತಿ ಲೈನಿಗೂ ಆರು ಊರಿನ ಅಂಕ ಬರುತ್ತದೆ, ಎರಡು ತೂಗಿದ್ದು, ನಾಲ್ಕು ಅಂದಾಜು. ಸ್ಥಿರತೆ ನೋಡಲು ಬೇಕಾಗಿದ್ದೇ ಇದು.

ಆದರೆ ಸ್ಥಿರ ಅಂದರೆ ಏನು ಅನ್ನುವ ತಕರಾರು ಹಳೆಯದು. 1963ರಲ್ಲಿ ಆಸ್ಟ್ರೇಲಿಯದಲ್ಲಿ ಫಿನ್ಲೇ ಮತ್ತು ವಿಲ್ಕಿನ್ಸನ್ ಅನ್ನುವವರು 277 ಬಾರ್ಲಿ ತಳಿ ತೆಗೆದುಕೊಂಡು ಒಂದು ಸರಳ ಚಿತ್ರ ಬರೆದರು. ಕೆಳಗಿನ ಗೆರೆಯ ಮೇಲೆ ಊರುಗಳು, ಬಡ ಊರಿನಿಂದ ಸಮೃದ್ಧ ಊರಿಗೆ. ಮೇಲಕ್ಕೆ ಇಳುವರಿ. ಒಂದೊಂದು ತಳಿಗೂ ಒಂದು ಓರೆ ಗೆರೆ. ಗೆರೆ ಕಡಿದಾಗಿದ್ದರೆ ಒಳ್ಳೆ ಹೊಲದಲ್ಲಿ ಜಿಗಿಯುತ್ತದೆ, ಕೆಟ್ಟ ಹೊಲದಲ್ಲಿ ಮಗುಚುತ್ತದೆ. ಗೆರೆ ಚಪ್ಪಟೆಯಾಗಿದ್ದರೆ ಎಲ್ಲ ಕಡೆ ಒಂದೇ ರೀತಿ. ಚಪ್ಪಟೆ ಗೆರೆ ತುಂಬಾ ಕೆಳಗಿದ್ದರೆ ಅದು ಎಲ್ಲ ಕಡೆ ಒಂದೇ ರೀತಿ ಬಡ ತಳಿ, ಅಷ್ಟೇ. ಹಾಗಾಗಿ ತಳಿ ಮಾಡುವವರಿಗೆ ಚಪ್ಪಟೆ ಗೆರೆ ಕಂಡರೆ ಅಷ್ಟಕ್ಕಷ್ಟೇ. ಸರಾಸರಿಯ ಜೊತೆ ಏರುತ್ತಾ, ಎಲ್ಲ ಕಡೆ ಸರಾಸರಿಗಿಂತ ಸ್ವಲ್ಪ ಮೇಲಿರುವ ಗೆರೆಯನ್ನೇ ಅವರು ಸ್ಥಿರ ಅನ್ನುತ್ತಾರೆ.

ಕಾಕಾನ ಲೆಕ್ಕದಲ್ಲಿ ಅದು ಸ್ಥಿರವಲ್ಲ. ಅವನಿಗೆ ಬೇಕಾದದ್ದು ಗೆರೆಯ ಎಡತುದಿ. ನಮ್ಮ ಕಡೆ ಹಿರಿಯರು ಇವತ್ತಿಗೂ ಬಿಜಗಾ ಯೆಲ್ಲೊ ಹೆಸರು ಹೇಳುತ್ತಾರೆ. ಎತ್ತರದ, ಹಳೆಯ, ಮಳೆಯಾಶ್ರಿತ ಡ್ಯೂರಮ್ ಗೋಧಿ ಅದು. ನೀರು, ಗೊಬ್ಬರ ಸುರಿದರೆ ಮಲಗಿಬಿಡುತ್ತದೆ, ಜಾಸ್ತಿ ಕೊಡುವುದಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಮನೆಗೆ ಆಗುವಷ್ಟು ಶಾವಿಗೆ, ರವೆ ಅದರಿಂದ ಬರುತ್ತಿತ್ತು. ನಮ್ಮ ಅಂದಾಜಿನ ಲೆಕ್ಕದಲ್ಲಿ, ಅಂದರೆ ಮಾಡೆಲಿನಲ್ಲಿ, ಗೆರೆಯ ಎತ್ತರವನ್ನೂ ಓರೆಯನ್ನೂ ಎರಡು ಬೇರೆ ಗುಣಗಳಾಗಿ ಇಟ್ಟು, ಎರಡಕ್ಕೂ ಗುರುತಿನಿಂದಲೇ ಅಂದಾಜು ಮಾಡಬಹುದು. ಮಾಡುತ್ತೇವೆ ಕೂಡ. ಚಪ್ಪಟೆ ಗೆರೆಯನ್ನು ಅರ್ಧ ಗೇಣು ಮೇಲೆತ್ತಿ ಕೊಟ್ಟರೆ ಕಾಕಾನಂಥವರಿಗೆ ಸಾಕು. ಪಂಜಾಬಿನ ರೈತ ಅದನ್ನು ಮೂಸಿಯೂ ನೋಡುವುದಿಲ್ಲ.

ಇಲ್ಲಿಗೇ ತೊಡಕು ಶುರುವಾಗುವುದು. ಮಾಡೆಲಿಗೆ ತಾನು ನೋಡಿದ ಊರು ಮಾತ್ರ ಗೊತ್ತು. ಲುಧಿಯಾನದಲ್ಲಿ ನವೆಂಬರ್ ಮೊದಲಿಗೆ ಬಿತ್ತಿದರೆ ಏಪ್ರಿಲ್ ಮಧ್ಯಕ್ಕೆ ಕಟಾವು. ಧಾರವಾಡದಲ್ಲಿ ಚಳಿ ಅಂದರೆ ಸುಮ್ನೆ ಹೆಸರಿಗೆ, ಗೋಧಿ ನೂರು ನೂರಹತ್ತು ದಿನದಲ್ಲಿ ಮುಗಿಯಬೇಕು. ಎರೆ ಮಣ್ಣು ಮೇಲಿನಿಂದ ಒಣಗುತ್ತಾ ಬಿರುಕು ಬಿಡುತ್ತದೆ, ತೇವ ಕೆಳಗಿಳಿಯುತ್ತದೆ, ಬೇರು ಅದನ್ನು ಹಿಂಬಾಲಿಸಬೇಕು. ಲುಧಿಯಾನದಲ್ಲಿ ಸ್ವಲ್ಪ ತಡವಾಗಿ ತೆನೆ ಹಾಕುವ ಜೀನಿನ ರೂಪಕ್ಕೆ ಒಳ್ಳೆ ಅಂಕ ಸಿಗುತ್ತದೆ, ಗಿಡ ಇನ್ನಷ್ಟು ದಿನ ಬೆಳೆದು ತೆನೆ ದೊಡ್ಡದಾಗುತ್ತದೆ. ಅದೇ ರೂಪ ನಮ್ಮ ಎರೆ ಹೊಲದಲ್ಲಿ ಬೆಳೆಯನ್ನು ನೇರ ಬಿಸಿಲಿಗೆ ನೂಕುತ್ತದೆ. ಪ್ಲಸ್ ಇದ್ದ ಅಂಕ ಇಲ್ಲಿ ಮೈನಸ್ ಆಗುತ್ತದೆ. ಉತ್ತರದ ಟ್ರೇನಿಂಗ್ ಸೆಟ್ಟಿನಿಂದ ದಕ್ಷಿಣಕ್ಕೆ ಅಂದಾಜು ಮಾಡಿದರೆ ಏನೂ ಅಂದಾಜು ಮಾಡದಿರುವುದಕ್ಕಿಂತ ಕೆಟ್ಟದಾಗಬಹುದು.

ಜೊತೆಗೆ ನಮ್ಮಲ್ಲಿ ಗೋಧಿಯೂ ಒಂದೇ ಅಲ್ಲ. ಚಪಾತಿ ಗೋಧಿಗೆ 42 ಕ್ರೋಮೋಸೋಮ್. ರವೆ, ಶಾವಿಗೆಯ ಡ್ಯೂರಮ್‌ಗೂ, ಮಾದಲಿ ಮಾಡುವ ಜವೆ ಗೋಧಿಗೂ 28. ಮೂರನೆಯ ಹುಲ್ಲಿನ ಪಾಲು ಇವೆರಡರಲ್ಲಿ ಇಲ್ಲವೇ ಇಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಮೂರರ ಮೇಲೂ ಕೆಲಸ ಮಾಡಿದ್ದಾರೆ, ಜವೆಯಲ್ಲಿ ಡಿಡಿಕೆ 1029ರಂಥ ಗಿಡ್ಡ ತಳಿಗಳನ್ನು ಕೊಟ್ಟಿದ್ದಾರೆ. ಆದರೆ ಚಪಾತಿ ಗೋಧಿಯ ಮೇಲೆ ಕಲಿತ ಮಾಡೆಲ್ ಜವೆಗೆ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಅದರದ್ದೇ ಪಾಠ ಬೇಕು.

ಒಂದು ಮೀಟಿಂಗಿನಲ್ಲಿ ಈ ಮಾತು ಎತ್ತಿದ್ದೆ. "ದೇಶದ ಗೋಧಿಯಲ್ಲಿ ಕರ್ನಾಟಕದ್ದು ಒಂದು ಪರ್ಸೆಂಟೂ ಇಲ್ಲವಲ್ಲ" ಅಂತ ಒಬ್ಬರು ನಕ್ಕರು. ಲೆಕ್ಕ ನಿಜ. ಆದರೆ ತುಕ್ಕು ರೋಗ ಪರ್ಸೆಂಟು ನೋಡಿ ಬರುವುದಿಲ್ಲ. ಆಗ್ರಾದಲ್ಲಿದ್ದ ಸಸ್ಯರೋಗ ವಿಜ್ಞಾನಿ ಕರಮ್ ಚಂದ್ ಮೆಹ್ತಾ ಕಳೆದ ಶತಮಾನದ ಮೊದಲರ್ಧದಲ್ಲೇ ಇದನ್ನು ತೋರಿಸಿದ್ದರು. ಬಯಲುಸೀಮೆಯ ಬೇಸಿಗೆಗೆ ತುಕ್ಕಿನ ಬೀಜಕಣ ಸಾಯುತ್ತದೆ, ಬೆಟ್ಟಗಳ ತಂಪಿನಲ್ಲಿ ಉಳಿಯುತ್ತದೆ. ಹಳದಿ ತುಕ್ಕು ಹಿಮಾಲಯದಿಂದ ಇಳಿಯುತ್ತದೆ. ಕಪ್ಪು ತುಕ್ಕು, ಕಂದು ತುಕ್ಕು ನೀಲಗಿರಿ, ಪಳನಿ ಬೆಟ್ಟದಿಂದ ಗಾಳಿ ಮಳೆಯ ಜೊತೆ ಉತ್ತರಕ್ಕೆ ಏರುತ್ತವೆ. ಆ ದಾರಿಯಲ್ಲಿ ಸಿಗುವುದು ನಮ್ಮ ಹೊಲಗಳು. ಕೃಷ್ಣಾ ದಡದ ಉಗಾರ ಖುರ್ದದಲ್ಲಿ ಧಾರವಾಡದವರ ಕೇಂದ್ರ ಇರುವುದು ಸುಮ್ಮನೆ ಅಲ್ಲ, ಅಲ್ಲಿ ಭಂಡಾರ ರೋಗ (ತುಕ್ಕಿಗೆ ನಮ್ಮ ಕಡೆಯ ಹೆಸರು) ಕರೆಯದೇ ಬರುತ್ತದೆ. ಇಲ್ಲಿ ರೋಗ ತಡೆಯುವ ಗೋಧಿ ನಿಂತಿದ್ದರೆ ಮಧ್ಯ ಭಾರತಕ್ಕೆ ಹೋಗುವ ಕಣ ಕಡಿಮೆಯಾಗುತ್ತದೆ.

ತುಕ್ಕಿನ ವಿಷಯದಲ್ಲಿ ಮಾಡೆಲಿಗೆ ಇನ್ನೊಂದು ಕುರುಡಿದೆ. ಸಿಮಿಟ್‌ನ ಅಟಿಲಾ ಅನ್ನುವ ಲೈನಿನಿಂದ ಬಂದ ಪಿಬಿಡಬ್ಲ್ಯೂ 343 ಅನ್ನುವ ತಳಿ ತೊಂಬತ್ತರ ದಶಕದ ಮಧ್ಯದಿಂದ ಉತ್ತರದ ಬಯಲನ್ನೆಲ್ಲ ಆವರಿಸಿತ್ತು. ಎಲ್ಲ ಪ್ರಯೋಗದಲ್ಲೂ ಸ್ಥಿರ, ಎಲ್ಲ ಊರಲ್ಲೂ ಮೇಲು. ಆಮೇಲೆ ಹಳದಿ ತುಕ್ಕಿನ ಹೊಸ ರೂಪ ಬಂತು, ಈ ಗೋಧಿಯ ತಡೆ ಮುರಿಯಿತು. ನಾಳೆ ಹುಟ್ಟುವ ರೋಗ ನಿನ್ನೆಯ ಡೇಟಾದಲ್ಲಿ ಇರುವುದಿಲ್ಲ. ಹಾಗಾಗಿ ಸ್ಥಿರತೆಯ ಅಂಕ ಎಷ್ಟೇ ಚೆನ್ನಾಗಿದ್ದರೂ ಒಂದೇ ತಳಿಯನ್ನು ಅಷ್ಟು ದೂರ ಹರಡುವುದು ನನಗಂತೂ ಸರಿ ಕಾಣುವುದಿಲ್ಲ.

ದಕ್ಷಿಣಕ್ಕೆ ಟ್ರೇನಿಂಗ್ ಸೆಟ್ ಹೊಸದಾಗಿ ಕಟ್ಟಲು ವರ್ಷಗಳು ಬೇಕು ಅನ್ನುತ್ತಾರೆ. ಪೂರ್ತಿ ಹಾಗೇನಿಲ್ಲ. ಧಾರವಾಡ, ವಿಜಯಪುರ, ನಿಫಾಡ್, ಪುಣೆಯಲ್ಲಿ ದಶಕಗಳಿಂದ ಪ್ರಯೋಗ ನಡೆದಿವೆ, ಇಳುವರಿಯ ಪಟ್ಟಿ ವರದಿಗಳಲ್ಲಿ ಅಚ್ಚಾಗಿವೆ. ಆ ಪ್ರಯೋಗಗಳಲ್ಲಿದ್ದ ಲೈನುಗಳ ಬೀಜ ಎಲ್ಲೆಲ್ಲಿ ಉಳಿದಿದೆಯೋ ಅಲ್ಲಿಂದ ತಂದು, ಮೊಳಕೆ ಬರಿಸಿ, ಎಲೆ ಕತ್ತರಿಸಿ ಗುರುತು ಓದಿದರೆ ಸಾಕು. ಹೊಸ ಪ್ಲಾಟು ಬೇಡ. ಬರ ಬಿದ್ದ ವರ್ಷಗಳ ಡೇಟಾ ಆಗಲೇ ಅದರಲ್ಲಿ ಕೂತಿದೆ, ಅದನ್ನು ಇನ್ನೊಮ್ಮೆ ದುಡ್ಡು ಕೊಟ್ಟು ತರಿಸಲಾಗುವುದಿಲ್ಲ.

ಇದನ್ನು ಓದುತ್ತಿರುವ ಕೃಷಿ ವಿದ್ಯಾರ್ಥಿಗಳು ಯಾರಾದರೂ ಇದ್ದರೆ, ಪ್ರಾಜೆಕ್ಟಿಗೆ ಇದು ಒಳ್ಳೆ ವಿಷಯ. ಹಳೆ ಫೀಲ್ಡ್ ಬುಕ್ಕುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಒಂದು ಕೆಲಸ ಮಾತ್ರ ಮರೆಯಬೇಡಿ. ಕೊನೆಯ ಕಾಲಮ್ಮಿನಲ್ಲಿ ಪೆನ್ಸಿಲ್ಲಿನಿಂದ ಷರಾ ಬರೆದಿರುತ್ತಾರೆ: ನೀರು ನಿಂತಿತ್ತು, ಗೆದ್ದಲು, ನವಿಲು ತಿಂದಿವೆ. ಅದನ್ನೂ ಏರಿಸಿ. ಇಲ್ಲದಿದ್ದರೆ ನವಿಲು ತಿಂದ ಕಾಳಿನ ಲೆಕ್ಕವನ್ನೂ ಮಾಡೆಲ್ ಯಾವುದೋ ಪಾಪದ ಜೀನಿನ ತಲೆಗೆ ಕಟ್ಟುತ್ತದೆ.